ಬೇಕಲದಲ್ಲಿದ್ದೇವೆ: ಮೋಟರ್‌ಹೋಮ್‌ಗೆ ಆಯಿಲ್ ಚೇಂಜ್ ಎಲ್ಲಿ? ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲೇರಿದೆ

ಹುಬ್ಬಳ್ಳಿ ಹಾದಿ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಹೊರಟು ಕರಾವಳಿ ಹಿಡಿದು ಇಳಿದು ಬಂದಿದ್ದೇವೆ. ನಾನು, ನಮ್ಮವರು, ಅತ್ತೆ. ಈಗ ಬೇಕಲ ಕೋಟೆ ಹತ್ತಿರ ಗಾಡಿ ನಿಂತಿದೆ. ಮಿನಿಬಸ್ ಚಾಸಿ ಮೇಲೆ ಕಟ್ಟಿಸಿದ ಮೋಟರ್‌ಹೋಮ್, ಬಿಎಸ್6 ಡೀಸೆಲ್, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇದೆ.

ಆಯಿಲ್ ಚೇಂಜ್ ಹೇಗೂ ಹತ್ತಿರ ಬಂದಿತ್ತು. ಇವತ್ತು ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳಿನಷ್ಟು ಮೇಲಿದೆ. ಊರಿಂದ ಹೊರಡುವಾಗ ಎರಡು ಗೆರೆಗಳ ನಡುವೆ ಇತ್ತು. ದಾರಿಯಲ್ಲಿ ಒಂದು ಹನಿಯೂ ಹಾಕಿಲ್ಲ. ಮೇಲೇರಿದ್ದು ಹೇಗೆ?

ಒಂದು ಸರ್ವಿಸ್ ಸೆಂಟರ್‌ಗೆ ಹೋದೆವು. ಎತ್ತರ ಜಾಸ್ತಿ, ಒಳಗೆ ಹೋಗಲ್ಲ, ಲಿಫ್ಟ್‌ಗೂ ಹಾಕಲ್ಲ ಅಂದರು. ರಸ್ತೆ ಪಕ್ಕದ ಒಬ್ಬರು ಮಾಡಿಕೊಡ್ತೀನಿ ಅಂತಾರೆ, ಆದರೆ ಡೀಸೆಲ್ ಗಾಡಿಗೆಲ್ಲ ಒಂದೇ ಆಯಿಲ್ ಸಾಕು ಅಂತಾರೆ. ಮನಸ್ಸು ಒಪ್ಪುತ್ತಿಲ್ಲ.

ಇನ್ನೊಂದು ವಿಷಯ. ಸೆಕೆ ತಡೆಯೋಕಾಗದೆ ರಾತ್ರಿ ಎಂಜಿನ್ ಸ್ಟಾರ್ಟ್‌ನಲ್ಲಿಟ್ಟೇ ಎಸಿ ಹಾಕ್ತೀವಿ. ಬ್ಯಾಟರಿಯೂ ಚಾರ್ಜ್ ಆಗುತ್ತೆ ಅಂತ. ಹಗಲು ಓಡಿಸೋದು ಕಡಿಮೆ, ಸ್ವಲ್ಪ ಹೋಗಿ ನಿಲ್ಲಿಸ್ತೀವಿ. ಮುಂದೆ ಕಣ್ಣೂರು, ವಯನಾಡು ಅಂತ ಯೋಚನೆ ಇದೆ. ಹೀಗೇ ಹೋಗಬಹುದಾ?

ಮಂಗಳೂರು ಡೀಸೆಲ್:
ಅಕ್ಕಾ, ಘಾಟಿ ಹತ್ತುವ ಮಾತು ಈಗ ಬೇಡ. ಮೊದಲು ಇಷ್ಟು ನೋಡಿ.

ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿದೆಯಾ? ಮೂಗು ಸ್ವಲ್ಪ ಇಳಿಜಾರಿಗಿದ್ದರೂ ಡಿಪ್‌ಸ್ಟಿಕ್ ಸರಿಯಾದ ಲೆಕ್ಕ ಕೊಡಲ್ಲ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ತೆಗೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಾಣುತ್ತದಾ? ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಇಳಿದಿದೆಯಾ? ಹಾಗಿದ್ದರೆ ನೀರು ಸೇರಿದೆ, ಆಗ ಸ್ಟಾರ್ಟ್ ಮಾಡುವುದೇ ಬೇಡ, ಟೋ ಮಾಡಿಸಿ.

ಎರಡೂ ಇಲ್ಲ ಅಂದರೆ ಡಿಪ್‌ಸ್ಟಿಕ್ ಮೂಸಿ ನೋಡಿ. ಒಂದು ಹನಿ ಟಿಶ್ಯೂ ಕಾಗದದ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಇಡಿ. ನಡುವೆ ಕಪ್ಪು ಕಲೆ, ಅದರ ಸುತ್ತ ತೆಳುವಾದ ಎಣ್ಣೆ ಉಂಗುರ ಹರಡಿದರೆ ಡೀಸೆಲ್ ಸೇರಿರುವ ಲಕ್ಷಣ.

ಹುಬ್ಬಳ್ಳಿ ಹಾದಿ:
ಜಾಗ ಸಮ ಇದೆ, ಮತ್ತೆ ನೋಡಿದೆ. ಮಟ್ಟ ಅಷ್ಟೇ. ಬಣ್ಣ ಕಪ್ಪು, ಹಾಲಿನ ಹಾಗೆ ಇಲ್ಲ. ಕೂಲೆಂಟ್ ಇಳಿದಿಲ್ಲ. ಮೂಸಿದರೆ ಡೀಸೆಲ್ ವಾಸನೆ ಚೆನ್ನಾಗೇ ಬರುತ್ತೆ. ಟಿಶ್ಯೂ ಮೇಲೆ ಕಪ್ಪು ಕಲೆಯ ಹೊರಗೆ ಹಳದಿ ಉಂಗುರ ಬಂತು. ಬೆರಳಲ್ಲಿ ಉಜ್ಜಿದರೆ ಜಿಗುಟೇ ಇಲ್ಲ, ನೀರು ನೀರು.

ಮಂಗಳೂರು ಡೀಸೆಲ್:
ಹಾಗಾದರೆ ಡೀಸೆಲ್ಲೇ. ಕಾರಣ ಹೆಚ್ಚಾಗಿ ನೀವೇ ಬರೆದ ಆ ರಾತ್ರಿಯ ಎಸಿ.

ಹೇಗೆ ಅಂತ ಹೇಳ್ತೇನೆ. ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿದಿಡುವ ಜಾಲರಿ. ಮಸಿ ತುಂಬಿದಾಗ ಅದನ್ನು ಸುಡಬೇಕು, ಸುಡಲು ಸೈಲೆನ್ಸರ್ ಕಡೆ ತುಂಬಾ ಬಿಸಿ ಬೇಕು. ಅದಕ್ಕೆ ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರ್ ಸಿಲಿಂಡರ್‌ಗೇ ಸ್ವಲ್ಪ ಡೀಸೆಲ್ ಜಾಸ್ತಿ, ಸ್ವಲ್ಪ ತಡವಾಗಿ ಬಿಡುತ್ತದೆ. ಹೈವೇಯಲ್ಲಿ ಒಂದೇ ವೇಗದಲ್ಲಿ ಓಡುತ್ತಿದ್ದರೆ ಕೆಲಸ ಮುಗಿಯುತ್ತದೆ. ನಿಂತಲ್ಲೇ ಎಂಜಿನ್ ಓಡಿಸಿದರೆ ಮಸಿ ಬೇಗ ತುಂಬುತ್ತದೆ, ಬಿಸಿ ಸಾಲುವುದಿಲ್ಲ. ಸುಡಲು ಶುರುವಾಗಿದ್ದಾಗಲೇ ಆಫ್ ಮಾಡಿದರೆ ಅರ್ಧಕ್ಕೇ ನಿಲ್ಲುತ್ತದೆ, ಮುಂದಿನ ಸಲ ಮತ್ತೆ ಮೊದಲಿನಿಂದ. ಪ್ರತಿ ಸಲವೂ ಸುಡದ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಆಯಿಲ್ ಚೇಂಬರ್‌ಗೆ ಇಳಿಯುತ್ತದೆ. ಮಟ್ಟ ಏರುವುದು ಹೀಗೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೆಳುವಾದ ಆಯಿಲ್ ಬೇರಿಂಗ್‌ಗೂ ಟರ್ಬೊಗೂ ಆಸರೆ ಕೊಡಲ್ಲ. ಮಟ್ಟ ತೀರಾ ಮೇಲಿದ್ದರೆ ಕ್ರ್ಯಾಂಕ್ ಬಡಿದು ನೊರೆ ಏಳುತ್ತದೆ. ಇನ್ನೂ ಏರಿದರೆ ಬ್ರೀದರ್ ಅನ್ನುವ ಗಾಳಿ ಕೊಳವೆ ಮೂಲಕ ಎಂಜಿನ್ ತನ್ನ ಆಯಿಲ್ಲನ್ನೇ ಎಳೆದುಕೊಂಡು ಓಡಲು ಶುರು ಮಾಡುತ್ತದೆ, ಕೀ ತೆಗೆದರೂ ನಿಲ್ಲದ ಸ್ಥಿತಿ ಅದು. ಸ್ವಲ್ಪ ಆಯಿಲ್ ತೆಗೆದು ಮಟ್ಟ ಸರಿ ಮಾಡ್ತೇನೆ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಉಳಿದದ್ದೂ ತೆಳುವಾಗಿಯೇ ಇರುತ್ತದೆ. ಪೂರ್ತಿ ಇಳಿಸಿ, ಫಿಲ್ಟರ್ ಸಮೇತ ಬದಲಿಸಿ.

ಆಯಿಲ್ ಬಗ್ಗೆ ನಿಮ್ಮ ಮನಸ್ಸು ಹೇಳಿದ್ದೇ ಸರಿ. ಡಿಪಿಎಫ್ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಮಸಿ ಸುಟ್ಟು ಹೋಗುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ, ಜಾಲರಿಯಲ್ಲೇ ಕೂರುತ್ತದೆ. ಡಬ್ಬಿ ಮೇಲೆ 15ಡಬ್ಲ್ಯು-40 ಅಂತ ಇದ್ದ ಮಾತ್ರಕ್ಕೆ ಆಗಲಿಲ್ಲ. ಅದು ದಪ್ಪದ ಲೆಕ್ಕ ಮಾತ್ರ. ಹಳೇ ಲಾರಿಗೆ ಹಾಕುವ ಸಿಐ-4 ದರ್ಜೆಯದ್ದೂ 15ಡಬ್ಲ್ಯು-40 ಇರುತ್ತದೆ, ಡಿಪಿಎಫ್‌ಗೆ ಹೊಂದುವ ಸಿಕೆ-4 ಕೂಡ ಅದೇ ದಪ್ಪದಲ್ಲಿ ಸಿಗುತ್ತದೆ. ಮ್ಯಾನ್ಯುವಲ್‌ನಲ್ಲಿ ಯಾವ ದರ್ಜೆ ಬರೆದಿದೆಯೋ ಅದನ್ನೇ ಅಕ್ಷರ ಬಿಡದೆ ಕೇಳಿ ತೆಗೆದುಕೊಳ್ಳಿ.

ಬದಿಯಡ್ಕ ಬಸ್:
ಜಾಗದ ವಿಷಯ ನಾನು ಹೇಳ್ತೇನೆ. ಕಾರು ನೋಡುವ ಕಡೆ ಹೋಗಬೇಡಿ ಅಕ್ಕಾ. ಎರಡು ಕಂಬದ ಲಿಫ್ಟ್ ಸಾಮಾನ್ಯವಾಗಿ ನಾಲ್ಕು ಟನ್ ಆಸುಪಾಸಿನದ್ದು. ನಿಮ್ಮ ಗಾಡಿಯಲ್ಲಿ ಮಂಚ, ಫ್ರಿಜ್, ನೀರು ಎಲ್ಲ ಸೇರಿ ಹಿಂದೆ ಭಾರ. ಅವರು ಬೇಡ ಅಂದದ್ದು ಒಳ್ಳೇದೇ ಆಯ್ತು.

ಬಸ್ಸು ನೋಡುವ ವರ್ಕ್‌ಶಾಪ್ ಹುಡುಕಿ. ಅಲ್ಲಿ ಗಾಡಿಯ ಅಡಿಗೆ ಇಳಿದು ಕೆಲಸ ಮಾಡುವ ಗುಂಡಿ ಇರುತ್ತದೆ, ಮೇಲೆ ಮಾಡು ಎತ್ತರ ಇರುತ್ತದೆ, ಇಲ್ಲವೇ ಮಾಡೇ ಇರುವುದಿಲ್ಲ. ಕಾಸರಗೋಡು ಪೇಟೆ ಸುತ್ತ, ವಿದ್ಯಾನಗರ, ಚೆರ್ಕಳ ಕಡೆ ವಿಚಾರಿಸಿ. ಪ್ರೈವೇಟ್ ಬಸ್ಸುಗಳು ಹಗಲಿಡೀ ಟ್ರಿಪ್‌ನಲ್ಲಿರುತ್ತವೆ, ಗ್ಯಾರೇಜಿಗೆ ಬರುವುದು ರಾತ್ರಿ. ಹಾಗಾಗಿ ಬೆಳಿಗ್ಗೆ ಹತ್ತರ ಮೇಲೆ ಹೋದರೆ ಗುಂಡಿ ಖಾಲಿ, ಮೆಕ್ಯಾನಿಕ್ ಕೈಯೂ ಖಾಲಿ. ಸಂಜೆ ಹೋದರೆ ಕಾಯಬೇಕು. ಭಾನುವಾರ ಬೇಡ, ಶುಕ್ರವಾರವಾದರೆ ಮಧ್ಯಾಹ್ನ ನಮಾಜಿನ ಹೊತ್ತು ಬಿಟ್ಟು ಹೋಗಿ. ಹರತಾಳ ಇದೆಯಾ ಅಂತಲೂ ಕೇಳಿಕೊಳ್ಳಿ. ಭಾಷೆ ತೊಂದರೆ ಇಲ್ಲ, ಕನ್ನಡದಲ್ಲೇ ಮಾತಾಡಿ, ಇಲ್ಲಿ ಅರ್ಥ ಆಗದವರು ಕಡಿಮೆ.

ಬೇಕಲದಿಂದ ಉದುಮ, ಮೇಲ್ಪರಂಬ, ಚಂದ್ರಗಿರಿ ಸೇತುವೆ ದಾಟಿ ಬನ್ನಿ. ನಿಧಾನ ಬನ್ನಿ, ಎಂಜಿನ್ ಜೋರು ಮಾಡಬೇಡಿ. ಅದಕ್ಕೂ ಹೆದರಿಕೆ ಇದ್ದರೆ ಮೆಕ್ಯಾನಿಕ್‌ನ್ನೇ ಅಲ್ಲಿಗೆ ಕರೆಸಿ. ಆದರೆ ಬರೀ ಜಾಕ್ ಮೇಲೆ ನಿಲ್ಲಿಸಿ ಗಾಡಿಯ ಅಡಿಗೆ ಯಾರನ್ನೂ ಹೋಗಲು ಬಿಡಬೇಡಿ. ಸ್ಟ್ಯಾಂಡ್ ಇಲ್ಲದೆ ಆಗದು.

ಹೋಗುವ ಮೊದಲು ನೀರಿನ ಟ್ಯಾಂಕ್ ಖಾಲಿ ಮಾಡಿ, 150 ಲೀಟರ್ ಅಂದರೆ 150 ಕೆಜಿ. ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ಗಾಡಿಯೊಳಗಿನ ಫ್ರಿಜ್, ದೀಪಕ್ಕೆಲ್ಲ ಇರುವ ಬ್ಯಾಟರಿಯ ಮೇನ್ ಸ್ವಿಚ್ ಆಫ್ ಮಾಡಿ. ಅಮ್ಮನವರನ್ನು ಗುಂಡಿ ಮೇಲಿನ ಗಾಡಿಯಲ್ಲಿ ಕೂರಿಸಬೇಡಿ, ಒಂದು ಕುರ್ಚಿ ಕೇಳಿದರೆ ಕೊಡ್ತಾರೆ. ಆಯಿಲ್, ಫಿಲ್ಟರ್, ಡ್ರೈನ್ ಬೋಲ್ಟ್‌ನ ಹೊಸ ವಾಷರ್ ನೀವೇ ತೆಗೆದುಕೊಂಡು ಹೋಗಿ. ಈ ಮಾಡೆಲ್ಲಿನ ಫಿಲ್ಟರ್ ಬಸ್ ಗ್ಯಾರೇಜಿನಲ್ಲಿ ಇಟ್ಟಿರುವುದಿಲ್ಲ.

ಪೆರ್ಲ ತೋಟ:
ಒಂದೇ ಒಂದು ಕೋರಿಕೆ. ಹಳೇ ಆಯಿಲ್ ಡಬ್ಬಿಯಲ್ಲಿ ಹಿಡಿದು ವರ್ಕ್‌ಶಾಪಿನ ಬ್ಯಾರೆಲ್‌ಗೇ ಹೋಗಲಿ. ಕಡಲ ಬದಿಯಲ್ಲಿ ಗುಂಡಿ ತೋಡಿ ಸುರಿಯುವವರನ್ನು ನೋಡಿದ್ದೇನೆ. ಇದು ಮುರಕಲ್ಲಿನ ನೆಲ, ಮೇಲೆ ಬಿದ್ದದ್ದು ಸೀದಾ ಒಳಗಿಳಿಯುತ್ತದೆ. ನಮ್ಮ ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳಿವೆ, ಅದರಲ್ಲಿ ಒಸರುವ ನೀರನ್ನೇ ಕುಡಿಯುತ್ತೇವೆ, ಅಡಿಕೆಗೂ ಅದೇ. ಒಮ್ಮೆ ಎಣ್ಣೆ ಸೇರಿದರೆ ಆ ನೀರು ಮತ್ತೆ ಬಾಯಿಗಿಡಲು ಆಗುವುದಿಲ್ಲ. ಬಳಸಿದ ಆಯಿಲ್ 2016ರ ನಿಯಮದಲ್ಲಿ ಅಪಾಯಕಾರಿ ತ್ಯಾಜ್ಯ. ಡೀಸೆಲ್ ಬೇರೆ ಸೇರಿದೆ. ದಯವಿಟ್ಟು.

ಹುಬ್ಬಳ್ಳಿ ಹಾದಿ:
ಕೆಲಸ ಆಯ್ತು. ಬಸ್ ವರ್ಕ್‌ಶಾಪ್ ಸಿಕ್ಕಿತು, ಗುಂಡಿ ಖಾಲಿ ಇತ್ತು. ಬೋಲ್ಟ್ ಬಿಚ್ಚಿದಾಗ ಆಯಿಲ್ ದಾರದ ಹಾಗಲ್ಲ, ನೀರಿನ ಹಾಗೆ ಸುರಿಯಿತು. ಹೊಸದು ಸಿಕೆ-4. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಎಂಜಿನ್ ಒಂದು ನಿಮಿಷ ಓಡಿಸಿ, ಹತ್ತು ನಿಮಿಷ ಬಿಟ್ಟು, ನೋಡಿ ನೋಡಿ ತುಂಬಿಸಿದರು. ಹಳೇದನ್ನು ಅವರ ಬ್ಯಾರೆಲ್‌ಗೇ ಹಾಕಿಸಿದೆ. ಪೆರ್ಲದವರೇ, ಚಿಂತೆ ಬೇಡ.

ಆದರೆ ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಎರಡು ಮೂರು ಹನಿ ಆಯಿಲ್ ಬಿದ್ದಿತ್ತು. ಬೋಲ್ಟ್ ಇನ್ನೊಂದು ಸುತ್ತು ಟೈಟ್ ಮಾಡಿಸಲಾ?

ಬದಿಯಡ್ಕ ಬಸ್:
ಬೇಡ ಮಾರಾಯ್ರೆ! ಚೇಂಬರ್ ಅಲ್ಯೂಮಿನಿಯಂದಾದರೆ ತ್ರೆಡ್ ಹೋಗ್ತದೆ, ಆಮೇಲೆ ಲೇತ್ ಅಂಗಡಿ ದಾರಿ. ಮೊದಲು ಹನಿ ಎಲ್ಲಿಂದ ಅಂತ ಗೊತ್ತಾಗಲಿ. ಚೇಂಬರ್, ಬೋಲ್ಟ್, ಫಿಲ್ಟರ್ ಸುತ್ತ ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಣಗಿಸಿ. ಮುಖಕ್ಕೆ ಹಾಕುವ ಪೌಡರ್ ತೆಳುವಾಗಿ ಉದುರಿಸಿ. ಹತ್ತು ನಿಮಿಷ ಎಂಜಿನ್ ಓಡಿಸಿ ಆಫ್ ಮಾಡಿ ಟಾರ್ಚ್ ಹಿಡಿದು ನೋಡಿ. ಒದ್ದೆ ಗೆರೆ ಎಲ್ಲಿಂದ ಶುರುವಾಗಿದೆಯೋ ಅಲ್ಲಿದೆ ತೊಂದರೆ.

ಹುಬ್ಬಳ್ಳಿ ಹಾದಿ:
ಅತ್ತೆಯ ಪೌಡರ್ ಡಬ್ಬಿ ಉಪಯೋಗಕ್ಕೆ ಬಂತು. ಬೋಲ್ಟ್ ಸುತ್ತ ಪೌಡರ್ ಬೆಳ್ಳಗೆ ಹಾಗೇ ಇದೆ. ಫಿಲ್ಟರ್ ಮುಚ್ಚಳದ ಅಂಚಿನಿಂದ ಕೂದಲೆಳೆಯಂಥ ಒದ್ದೆ ಗೆರೆ ಇಳಿದು ಚೇಂಬರ್ ತುದಿಗೆ ಬಂದಿದೆ. ಫಿಲ್ಟರ್‌ನ ಖಾಲಿ ಪೆಟ್ಟಿಗೆ ಇಟ್ಟುಕೊಂಡಿದ್ದೆ. ಒಳಗೆ ಒಂದು ಕಪ್ಪು ರಬ್ಬರ್ ರಿಂಗ್ ಪ್ಲಾಸ್ಟಿಕ್ ಕವರಿನಲ್ಲೇ ಉಳಿದಿದೆ!

ಮಂಗಳೂರು ಡೀಸೆಲ್:
ಸಿಕ್ಕಿತು ನೋಡಿ. ಹಳೇ ಓ-ರಿಂಗ್ ಚಪ್ಪಟೆಯಾಗಿರುತ್ತದೆ, ಹಿಡಿಯಲ್ಲ. ಅದೇ ವರ್ಕ್‌ಶಾಪಿಗೆ ಹೋಗಿ ಹೊಸ ರಿಂಗ್‌ಗೆ ಆಯಿಲ್ ಸವರಿ ಹಾಕಿಸಿ. ಎಷ್ಟು ಬಿಗಿ ಮಾಡಬೇಕು ಅಂತ ಎಷ್ಟೋ ಮುಚ್ಚಳಗಳ ಮೇಲೇ ಅಚ್ಚು ಹಾಕಿರುತ್ತಾರೆ. ಬಿಗಿ ಅಳೆಯುವ ಟಾರ್ಕ್ ಪಾನಾದಲ್ಲಿ ಅಷ್ಟೇ ಮಾಡಿಸಿ, ಕೈ ಅಂದಾಜು ಬೇಡ. ಮುಚ್ಚಳ ಬಿಚ್ಚಿದಾಗ ಸ್ವಲ್ಪ ಚೆಲ್ಲುತ್ತದೆ, ಮಟ್ಟ ಮತ್ತೆ ನೋಡಿ.

ಹುಬ್ಬಳ್ಳಿ ಹಾದಿ:
ಹಾಕಿಸಿದೆ, ನೆಲ ಒಣಗಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಯನಾಡಿಗೆ ಈಗ ಹೊರಡಬಹುದಾ?

ಮಂಗಳೂರು ಡೀಸೆಲ್:
ಒಂದು ಕೆಲಸ ಬಾಕಿ ಇದೆ. ಹೊಸ ಆಯಿಲ್ ಬಂತು, ಜಾಲರಿಯ ಮಸಿ ಅಲ್ಲೇ ಇದೆ. ಡಿಪಿಎಫ್ ದೀಪ ಹತ್ತಿಲ್ಲ ಅಂದರೆ ಚೆಂಗಳದಿಂದ ತಲಪಾಡಿ ಕಡೆ ಆರು ಪಥದ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ, 60ರ ಮೇಲೆ ಓಡಿಸಿ. ಸುಡುವುದು ಮುಗಿಯಲಿ. ಆಮೇಲೆ ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ, ಸೈಲೆನ್ಸರ್ ವಿಪರೀತ ಬಿಸಿ ಇರುತ್ತದೆ. ದೀಪ ಹತ್ತಿದ್ದರೆ ಮಾತ್ರ ಸ್ಕ್ಯಾನರ್ ಇರುವ ಕಡೆ ಹೋಗಿ. ಮುಂದಿನ ಆಯಿಲ್ ಚೇಂಜ್ ಯಾವಾಗ ಅನ್ನುವ ಲೆಕ್ಕದ ರಿಸೆಟ್ ಕೂಡ ಅಲ್ಲೇ ಮಾಡಿಸಬಹುದು.

ರಾತ್ರಿ ಎಸಿಗೆ ಎಂಜಿನ್ ಬೇಡ. ಕರೆಂಟ್ ಕೊಡುವ ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸಿ, ಇಲ್ಲವೇ ಫ್ಯಾನ್. ಎರಡು ದಿನಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ ಮಟ್ಟ ಬರೆದಿಟ್ಟುಕೊಳ್ಳಿ. ಎಂಜಿನ್ ನಿಂತಲ್ಲಿ ಓಡಿಸದೆಯೂ ಮತ್ತೆ ಏರಿದರೆ ಇಂಜೆಕ್ಟರ್ ಅಥವಾ ಹೈ ಪ್ರೆಶರ್ ಪಂಪ್ ಸೋರುತ್ತಿರಬಹುದು. ಆಗ ಘಾಟಿ ಹತ್ತದೆ ಮಂಗಳೂರಿಗೆ ವಾಪಸ್ ಬನ್ನಿ.