ಚಡಾವಿನಲ್ಲಿ ಗಾಡಿ ಎತ್ತುವಾಗ ಪ್ರತಿ ಸಲ ಎಂಜಿನ್ ಆಫ್, ಏನು ಚೆಕ್ ಮಾಡಿಸಬೇಕು?

ಕದ್ರಿ_ಎಲ್_ಬೋರ್ಡ್:
ಸಾಕಾಗಿ ಹೋಗಿದೆ. ಡ್ರೈವಿಂಗ್ ಕ್ಲಾಸಿನಲ್ಲಿ ಒಂದು ಸಲವೂ ಎಂಜಿನ್ ಆಫ್ ಆಗಿರಲಿಲ್ಲ. ಈಗ ಮನೆಯ ಕಾರು ತೆಗೆದರೆ ಏರು ಸಿಕ್ಕಿದಲ್ಲೆಲ್ಲ ಆಫ್. ಲೈಟ್‌ಹೌಸ್ ಹಿಲ್ ರಸ್ತೆಯಲ್ಲಿ ನಿಲ್ಲಿಸಿ ಮತ್ತೆ ಎತ್ತಲು ಹೋದರೆ ಗಡಗಡ ನಡುಗಿ ಬಂದ್ ಬೀಳುತ್ತದೆ. ಅಷ್ಟರಲ್ಲಿ ಗಾಡಿ ಹಿಂದೆ ಜಾರಿರುತ್ತದೆ. ಬೆನ್ನಿಗೆ ಸಿಟಿ ಬಸ್ಸು. ಅದರ ಹಾರ್ನ್ ಹೇಗಿರುತ್ತದೆ ಅಂತ ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಕ್ಲಚ್ ನಿಧಾನಕ್ಕೇ ಬಿಡುತ್ತೇನೆ, ಹೇಳಿಕೊಟ್ಟ ಹಾಗೆಯೇ. ಗಾಡಿಯಲ್ಲೇ ಏನೋ ಇದೆ ಅನ್ನಿಸುತ್ತದೆ.

ಗ್ರೀಸ್_ಕೈ:
ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕ್ಲಚ್ ಪ್ಲೇಟ್ ಹೋಗಿದೆ ಬ್ರೋ. ಕಣ್ಣು ಮುಚ್ಚಿ ಹೇಳುತ್ತೇನೆ. ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿಬಿಡಿ. ಗೇರ್‌ಬಾಕ್ಸ್ ಇಳಿಸುವ ಕೂಲಿ ಎರಡೆರಡು ಸಲ ಯಾಕೆ ಕೊಡಬೇಕು?

ಹಳೇ_ಅಂಬಾಸಿಡರ್:
ಯಾವ ಗಾಡಿ? ಪೆಟ್ರೋಲಾ, ಡೀಸೆಲಾ? ಏನೂ ಹೇಳದೆ ಕೇಳಿದರೆ ಕವಡೆ ಹಾಕಿ ನೋಡಬೇಕಷ್ಟೆ.

ಕದ್ರಿ_ಎಲ್_ಬೋರ್ಡ್:
ಮಾಮೂಲಿ ಪೆಟ್ರೋಲ್ ಗಾಡಿ, ಆಲ್ಟೊ 800. ನನ್ನ ಮಾವನದ್ದು. ಪ್ಲೇಟ್ ಹೋದ ವರ್ಷ ಹಾಕಿಸಿದ್ದಾರಂತೆ. ಅವರು ಓಡಿಸಿದರೆ ಏನೂ ಆಗುವುದಿಲ್ಲ, ಅದೇ ಸಿಟ್ಟು. ಮತ್ತೆ, ನಾನು ಬ್ರೋ ಅಲ್ಲ.

ಗ್ರೀಸ್_ಕೈ:
ಸಾರಿ ಅಕ್ಕಾ. ಆದರೆ ಹಾಕಿಸಿದ್ದು ಡೂಪ್ಲಿಕೇಟ್ ಪ್ಲೇಟ್ ಇರಬೇಕು. ಒಂದು ವರ್ಷ ಬಂದದ್ದೇ ದೊಡ್ಡದು.

ಗೇರ್_ಗೌಡ:
ಗುರು, ಪ್ಲೇಟ್ ಸವೆದರೆ ಎಂಜಿನ್ ಆಫ್ ಆಗುವುದಿಲ್ಲ. ರೇಸ್ ಕೊಟ್ಟಷ್ಟೂ ಸುಮ್ನೆ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇಲ್ಲಿ ಆಗುತ್ತಿರುವುದು ಉಲ್ಟಾ. ಪ್ಲೇಟ್ ಚೆನ್ನಾಗಿ ಹಿಡಿಯುತ್ತಿದೆ, ಅದಕ್ಕೇ ಆಫ್. ಅನುಮಾನ ಇದ್ದರೆ ಖಾಲಿ ಜಾಗದಲ್ಲಿ, ಸಮತಟ್ಟಿನಲ್ಲಿ, ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದು, ಕಾಲಿನ ಬ್ರೇಕೂ ಒತ್ತಿ, ನಾಲ್ಕನೇ ಗೇರಿನಲ್ಲಿ ಕ್ಲಚ್ ಬಿಟ್ಟು ನೋಡಿ. ತಟ್ಟನೆ ಆಫ್ ಆದರೆ ಪ್ಲೇಟ್ ಸರಿ ಇದೆ. ಎಂಜಿನ್ ಓಡುತ್ತಲೇ ಇದ್ದರೆ ಮಾತ್ರ ಗ್ಯಾರೇಜು.

ಗ್ರೀಸ್_ಕೈ:
ಆ ಟೆಸ್ಟ್ ಮಾಡಿಯೇ ಅರ್ಧ ಪ್ಲೇಟ್ ಸುಡುತ್ತದೆ.

ಗೇರ್_ಗೌಡ:
ಅಷ್ಟಕ್ಕೇ ಸುಡುವ ಪ್ಲೇಟ್ ಆದರೆ ನಿಮ್ಮ ಅಂಗಡಿಯದೇ ಇರಬೇಕು.

ಘಟ್ಟದ_ಮೇಲೆ:
ಏಸಿ ಆನ್ ಇರುತ್ತದಾ? ಸಣ್ಣ ಎಂಜಿನ್ನಿಗೆ ಅದೂ ಒಂದು ಹೊರೆ. ಕಾಲಿಗೆ ಏನು ಹಾಕುತ್ತೀರಿ? ಹವಾಯಿ ಚಪ್ಪಲಿಯಲ್ಲಿ ಪೆಡಲ್ ಗೊತ್ತೇ ಆಗುವುದಿಲ್ಲ. ಹಿಂದೆ ಎಲ್ ಬೋರ್ಡ್ ಇದ್ದರೆ ಬಸ್ಸಿನವರು ಒಂಚೂರು ದೂರ ನಿಲ್ಲಬಹುದು.

ಕದ್ರಿ_ಎಲ್_ಬೋರ್ಡ್:
ಈ ಊರಿನ ಸೆಕೆಯಲ್ಲಿ ಏಸಿ ಇಲ್ಲದೆ ಕೂರುವುದು ಹೇಗೆ ಮಾರಾಯ್ರೆ? ಶೂ ಹಾಕಿಯೇ ಓಡಿಸುತ್ತೇನೆ. ಹಿಂದಿನ ಗ್ಲಾಸಿಗೆ ಕೆಂಪು ಟೇಪಿನಲ್ಲಿ ಎಲ್ ಅಂಟಿಸಿದೆ.

ಆರ್‌ಟಿಒ_ಅಭಿಮಾನಿ:
ಟೇಪು ಸಾಲದು. ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್, ಮುಂದೆಯೂ ಬೇಕು, ಹಿಂದೆಯೂ ಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅಳತೆಯೇ ಇದೆ: ಬೋರ್ಡು 18 ಸೆಂ.ಮೀ. ಚೌಕ, ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ, ಬುಡದಲ್ಲಿ 9 ಸೆಂ.ಮೀ. ಅಗಲ. ಇದಕ್ಕಿಂತ ಕಮ್ಮಿ ಇರಬಾರದು. ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು.

ಗೇರ್_ಗೌಡ:
ಸ್ಕೇಲ್ ಹಿಡಿದು ಅಳೆಯುವ ಪೊಲೀಸರನ್ನು ನಾನಂತೂ ಕಂಡಿಲ್ಲ.

ಆರ್‌ಟಿಒ_ಅಭಿಮಾನಿ:
ನೀವು ಕಂಡಿಲ್ಲ ಅಂತ ನಿಯಮ ಇಲ್ಲದೆ ಹೋಗುತ್ತದಾ? ಡಿಕ್ಕಿ ಆದ ದಿನ ಇನ್ಶೂರೆನ್ಸಿನವರು ಎಲ್ಲವನ್ನೂ ಕೇಳುತ್ತಾರೆ.

ಹಳೇ_ಅಂಬಾಸಿಡರ್:
ಬೋರ್ಡಿನ ಜಗಳ ಬೇರೆ ಕಡೆ ಇಟ್ಟುಕೊಳ್ಳಿ. ಮೇಡಂ, ಕ್ಲಾಸಿನ ಗಾಡಿ ಯಾವುದಿತ್ತು?

ಕದ್ರಿ_ಎಲ್_ಬೋರ್ಡ್:
ಹಳೇ ಸ್ವಿಫ್ಟ್ ಡೀಸೆಲ್. ಅದಕ್ಕೂ ಇದಕ್ಕೂ ಏನು ಸಂಬಂಧ? ಎಲ್ಲದರಲ್ಲೂ ಇರುವುದು ಅದೇ ಕ್ಲಚ್ ಅಲ್ವಾ?

ಹಳೇ_ಅಂಬಾಸಿಡರ್:
ಸಂಬಂಧ ಅಲ್ಲೇ ಇರುವುದು. ಆ 1.3 ಲೀಟರ್ ಡೀಸೆಲ್ ಎಂಜಿನ್ 2000 ಆರ್‌ಪಿಎಮ್ಮಿಗೇ (ನಿಮಿಷಕ್ಕೆ 2000 ಸುತ್ತು) 190 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಆಲ್ಟೊ 800 ಕೊಡುವುದು 69, ಅದೂ 3500ಕ್ಕೆ. ಡೀಸೆಲ್ಲಿನಲ್ಲಿ ರೇಸ್ ಮುಟ್ಟದೆ ಕ್ಲಚ್ ಬಿಟ್ಟರೂ ಗಾಡಿ ತಾನಾಗಿ ಹೊರಡುತ್ತದೆ, ಸಣ್ಣ ಏರಿದ್ದರೂ ಎಳೆದುಕೊಂಡು ಹೋಗುತ್ತದೆ. ನಿಮಗೆ ಅದೇ ಅಭ್ಯಾಸವಾಗಿದೆ. ಇನ್ನೊಂದು, ಕ್ಲಾಸಿನ ಗಾಡಿಯಲ್ಲಿ ಹೇಳಿಕೊಡುವವರ ಕಾಲಡಿಯಲ್ಲೂ ಕ್ಲಚ್, ಬ್ರೇಕ್ ಇರುತ್ತವೆ. ಆಫ್ ಆಗುವ ಹೊತ್ತಿಗೆ ಅವರು ಕ್ಲಚ್ ಒತ್ತಿರುತ್ತಾರೆ, ಜಾರುವ ಹೊತ್ತಿಗೆ ಬ್ರೇಕ್. ಕಲಿಯುವವರಿಗೆ ಗೊತ್ತೂ ಆಗುವುದಿಲ್ಲ.

ಮೊದಲು ಸೀಟು ಮುಂದೆ ಎಳೆಯಿರಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಆಮೇಲೆ ಸಮತಟ್ಟು ಮೈದಾನದಲ್ಲಿ ಫಸ್ಟ್ ಗೇರ್ ಹಾಕಿ, ರೇಸ್ ಕೊಡದೆ, ಕ್ಲಚ್ ಬೆಣ್ಣೆ ತೆಗೆದ ಹಾಗೆ ಮೆಲ್ಲಗೆ ಎತ್ತಿ. ಒಂದು ಕಡೆ ಎಂಜಿನ್ ಸದ್ದು ಇಳಿಯುತ್ತದೆ, ಸ್ಟೇರಿಂಗ್ ಸಣ್ಣಗೆ ನಡುಗುತ್ತದೆ. ಪ್ಲೇಟ್ ಹಿಡಿಯುವ ಜಾಗ ಅದು. ಆಲ್ಟೊದಲ್ಲಿ ಕ್ಲಚ್ಚಿಗೆ ಕೇಬಲ್ ಇರುವುದು, ಅಡ್ಜಸ್ಟ್ ಮಾಡಿದ ಹಾಗೆ ಆ ಜಾಗ ಮೇಲೆ ಕೆಳಗೆ ಆಗುತ್ತದೆ. ಹಾಗಾಗಿ ಈ ಗಾಡಿಯಲ್ಲಿ ಅದು ಎಲ್ಲಿದೆ ಅಂತ ನಿಮ್ಮ ಕಾಲಿಗೇ ಗೊತ್ತಾಗಬೇಕು.

ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದೇ ಇರಲಿ. ರೇಸ್ ಸ್ವಲ್ಪ ಕೊಟ್ಟು ಸದ್ದು ಒಂದೇ ಸಮ ಇಟ್ಟುಕೊಳ್ಳಿ. ಕ್ಲಚ್ ಆ ಜಾಗಕ್ಕೆ ಬಂದಾಗ ಗಾಡಿಯ ಹಿಂಭಾಗ ಒಂಚೂರು ಕೂತ ಹಾಗೆ ಆಗುತ್ತದೆ. ಆಗ ಹ್ಯಾಂಡ್ ಬ್ರೇಕ್ ಇಳಿಸಿ. ಕ್ಲಚ್ಚನ್ನು ಆಗಲೇ ಪೂರ್ತಿ ಬಿಟ್ಟುಬಿಡಬೇಡಿ. ಜಾಸ್ತಿ ಜನ ಆಫ್ ಮಾಡುವುದೇ ಅಲ್ಲಿ.

ಘಟ್ಟದ_ಮೇಲೆ:
ಹ್ಯಾಂಡ್ ಬ್ರೇಕ್ ಎಲ್ಲ ಯಾಕೆ? ಕ್ಲಚ್ ಅರ್ಧ ಬಿಟ್ಟು, ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಬಹುದು. ಆಗುಂಬೆ ತಿರುವುಗಳಲ್ಲಿ ಎದುರು ಬಸ್ಸು ಬಂದಾಗ ನಾನು ಮಾಡುವುದು ಹಾಗೇ. ನನ್ನದು ಜೀಪು, ಫೋರ್ ವೀಲ್ ಡ್ರೈವ್. ಮೊನ್ನೆ ಕೆಸರಿನ ಟೈರ್ ಹಾಕಿಸಿದೆ. ಈಗ ತೋಟದ ರಸ್ತೆಯಲ್ಲಿ ಮಳೆಗಾಲವೂ ಒಂದೇ, ಬೇಸಿಗೆಯೂ ಒಂದೇ.

ಗ್ರೀಸ್_ಕೈ:
ಹಾಫ್ ಕ್ಲಚ್ಚಿನಲ್ಲಿ ನಿಲ್ಲಿಸುವವರಿಂದಲೇ ನಮ್ಮ ಹೊಟ್ಟೆಪಾಡು. ಮುಂದುವರಿಸಿ ಸಾರ್.

ಕದ್ರಿ_ಎಲ್_ಬೋರ್ಡ್:
ಭಾನುವಾರ ಬೆಳಿಗ್ಗೆ ಮಾವನನ್ನು ಕೂರಿಸಿಕೊಂಡು ನೋಡಿದೆ. ನಾಲ್ಕನೇ ಗೇರಿನ ಟೆಸ್ಟಿನಲ್ಲಿ ತಟ್ಟನೆ ಆಫ್ ಆಯಿತು, ಪ್ಲೇಟ್ ಸರಿ ಇದೆಯಂತೆ. ರೇಸ್ ಕೊಟ್ಟು ಎತ್ತಿದರೆ ಮೈದಾನದಲ್ಲಿ ಒಂದು ಸಲವೂ ಆಫ್ ಆಗಲಿಲ್ಲ. ಆದರೆ ಕದ್ರಿ ಕಡೆಯ ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಕಾಲಿನ ಬ್ರೇಕ್ ಬಿಟ್ಟ ಕೂಡಲೇ ಗಾಡಿ ಹಿಂದೆ ಜಾರುತ್ತದೆ. ಲಿವರ್ ನೆಟ್ಟಗೆ ನಿಲ್ಲುವಷ್ಟು ಎಳೆದರೂ ಅಷ್ಟೇ. ಮಾವ ಅದನ್ನು ಬಳಸುವುದೇ ಇಲ್ಲವಂತೆ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಇಡುತ್ತಾರೆ!

ಗ್ರೀಸ್_ಕೈ:
ನೋಡಿದಿರಾ! ಗಾಡಿಯಲ್ಲೇ ತೊಂದರೆ ಅಂತ ನಾನು ಮೊದಲೇ ಹೇಳಿದ್ದೆ.

ಗೇರ್_ಗೌಡ:
ನೀವು ಹೇಳಿದ್ದು ಪ್ಲೇಟು.

ಗ್ರೀಸ್_ಕೈ:
ಅದಿರಲಿ. ಅಕ್ಕಾ, ಹಿಂದಿನ ಚಕ್ರಗಳ ಎರಡೂ ಬ್ರೇಕ್ ಡ್ರಮ್ ಬಿಚ್ಚಿಸಿ, ಡ್ರಮ್ಮನ್ನು ಒಳಗಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಎಷ್ಟು ಉಳಿದಿದೆ ನೋಡಿಸಿ. ಶೂ ಇದ್ದರೆ ಅದನ್ನು ಮೊದಲು ಅಡ್ಜಸ್ಟ್ ಮಾಡಿಸಿ, ಆಮೇಲೆ ಕೇಬಲ್ ಬಿಗಿ ಮಾಡಿಸಿ. ಬರೀ ಕೇಬಲ್ ಬಿಗಿ ಮಾಡಿ ಕಳಿಸುವವರಿದ್ದಾರೆ, ಒಪ್ಪಬೇಡಿ. ಬಳಸದೆ ಬಿಟ್ಟ ಕೇಬಲ್ ಕರಾವಳಿಯ ಗಾಳಿಗೆ ತುಕ್ಕು ಹಿಡಿದು ಒಳಗೇ ಜಾಮ್ ಆಗಿದ್ದರೂ ಆಗಿರಬಹುದು. ಅದಾಗುವವರೆಗೆ ಏರಿನ ಕಡೆ ಹೋಗಲೇಬೇಡಿ.

ಆರ್‌ಟಿಒ_ಅಭಿಮಾನಿ:
ಲೈಸೆನ್ಸ್ ಟೆಸ್ಟಿಗೆ ಇದೇ ಗಾಡಿ ತರುವುದಾದರೆ ಅದಕ್ಕೆ ಮುಂಚೆಯೇ ಮಾಡಿಸಿ. ಬೋರ್ಡು ಬದಲಾಯಿಸಿದಿರಾ?

ಕದ್ರಿ_ಎಲ್_ಬೋರ್ಡ್:
ಬುಧವಾರ ಗ್ಯಾರೇಜಿಗೆ ಬಿಡುತ್ತೇವೆ. ಅಷ್ಟರೊಳಗೆ ಇನ್ನೊಂದು ಪ್ರಶ್ನೆ. ನಮ್ಮ ಗೇಟಿನಿಂದ ರಸ್ತೆಗೆ ಗಾಡಿಯನ್ನು ರಿವರ್ಸಿನಲ್ಲೇ ಏರಿಸಬೇಕು. ಅಲ್ಲೂ ಇದೇ ಲೆಕ್ಕವಾ?

ಗೇರ್_ಗೌಡ:
ಘಟ್ಟದವರೇ, ಆ ಕೆಸರಿನ ಟೈರ್ ಎಷ್ಟು ಬಿತ್ತು? ಹೈವೇಯಲ್ಲಿ ಸದ್ದು ಜಾಸ್ತಿ ಅಂತಾರಲ್ಲ?