ಐದರ್–ಆರ್ ಹಾಕಿದ ವಾಕ್ಯಕ್ಕೆ ಮತ್ತೆ ಮತ್ತೆ ಕೆಂಪು ಗೆರೆ, ಪರಿಹಾರ ಹೇಳಿ

ಗುತ್ತಲು ರಸ್ತೆ: ಇಂಗ್ಲಿಷಿನಲ್ಲಿ ಒಂದು ಸೂಚನಾ ಪತ್ರ ಸಿದ್ಧಪಡಿಸುವಷ್ಟರಲ್ಲಿ ಸಾಕುಸಾಕಾಗಿದೆ. ‘ಐದರ್’, ‘ಆರ್’ ಎರಡನ್ನೂ ಹಾಕಿದ್ದೇನೆ, ಕಾಗುಣಿತ ಸರಿಯಿದೆ. ಆದರೂ ಅದೇ ವಾಕ್ಯದ ಕೆಳಗೆ ಕೆಂಪು ಗೆರೆ. ನಾಳೆ ಮುದ್ರಣಕ್ಕೆ ಹೋಗಬೇಕು.

ಒಂಟಿಕೊಪ್ಪಲು: ತಂತ್ರಾಂಶದಲ್ಲಿ ಅಮೆರಿಕನ್ ಇಂಗ್ಲಿಷ್ ಇರಬೇಕು, ಬ್ರಿಟಿಷ್ ಇಂಗ್ಲಿಷ್ ಆರಿಸಿ. ನಾನು ಎರಡು ಪರದೆ ಇಟ್ಟುಕೊಂಡಿದ್ದೇನೆ, ಒಂದರಲ್ಲಿ ಕರಡು, ಇನ್ನೊಂದರಲ್ಲಿ ನಿಘಂಟು. ಮೆಕ್ಯಾನಿಕಲ್ ಕೀಲಿಮಣೆ ತಂದ ಮೇಲಂತೂ ಬೆರಳಚ್ಚಿನ ತಪ್ಪೇ ಕಡಿಮೆಯಾಗಿದೆ.

ನಿವೃತ್ತ ಮೇಷ್ಟರು: ಕ್ರಿಯಾಪದ ನೋಡಿ. ಇಂಥ ಜೋಡಿಯಲ್ಲಿ ಅದು ತನಗೆ ಹತ್ತಿರದ ಕರ್ತೃವಿನ ವಚನವನ್ನು ಹಿಡಿಯುತ್ತದೆ. ‘ನೈದರ್ ದ ಡ್ರೈವರ್ ನಾರ್ ದ ಪ್ಯಾಸೆಂಜರ್ಸ್ ವರ್ ಹರ್ಟ್’ ಎಂಬಲ್ಲಿ ಪ್ರಯಾಣಿಕರು ಹತ್ತಿರವಿರುವುದರಿಂದ ‘ವರ್’. ಡ್ರೈವರನ್ನು ಕೊನೆಗೆ ತಂದರೆ ‘ವಾಸ್’. ನಿಮ್ಮ ತೊಂದರೆ ನೂರಕ್ಕೆ ನೂರು ಇದೇ.

ಪಶ್ಚಿಮವಾಹಿನಿ: ಅದು ‘ಐದರ್’ ಅಲ್ಲ, ‘ಈದರ್’.

ಒಂಟಿಕೊಪ್ಪಲು: ಎರಡೂ ನಿಘಂಟಿನಲ್ಲಿವೆ. ಬರವಣಿಗೆಯ ಪ್ರಶ್ನೆಗೆ ಉಚ್ಚಾರಣೆ ಏಕೆ?

ಪಶ್ಚಿಮವಾಹಿನಿ: ಕೀಲಿಮಣೆ ಏಕೆ ಬಂತು ಸರ್?

ಕುಕ್ಕರಹಳ್ಳಿ: ರೋಗಿಯನ್ನು ನೋಡದೆ ಎಲ್ಲರೂ ಔಷಧಿ ಹೇಳುತ್ತಿದ್ದೀರಿ. ಮೊದಲು ವಾಕ್ಯ ಹಾಕಿ.

ಗುತ್ತಲು ರಸ್ತೆ: ‘ಮೆಂಬರ್ಸ್ ಮೇ ಐದರ್ ಪೇ ದ ಫೀ ಇನ್ ಮೈಸೂರು ಆರ್ ಮಂಡ್ಯ.’ ಗೆರೆ ಕಂಪ್ಯೂಟರಿನದಲ್ಲ. ನಮ್ಮ ಸಂಘದ ಕಾರ್ಯದರ್ಶಿ ಪೆನ್ನಿನಲ್ಲಿ ಎಳೆದು ಕಳುಹಿಸುತ್ತಾರೆ, ಕಾರಣ ಬರೆಯುವುದಿಲ್ಲ.

ನಿವೃತ್ತ ಮೇಷ್ಟರು: ‘ಮೆಂಬರ್ಸ್’ ಬಹುವಚನ. ವಚನವನ್ನೇ ಇನ್ನೊಮ್ಮೆ ಪರೀಕ್ಷಿಸಿ.

ಕುಕ್ಕರಹಳ್ಳಿ: ಮೇಷ್ಟರೇ, ‘ಮೇ’ ಯಾವ ವಚನಕ್ಕೂ ಬದಲಾಗುವುದಿಲ್ಲ. ‘ಐದರ್’ ಕುಳಿತ ಜಾಗವೇ ಸರಿಯಿಲ್ಲ. ಅದರ ಬೆನ್ನಿಗೆ ‘ಪೇ’ ಎಂಬ ಕ್ರಿಯಾಪದವಿದೆ, ‘ಆರ್’ ಬೆನ್ನಿಗೆ ಬರಿಯ ಊರಿನ ಹೆಸರು. ‘ಐದರ್ ಪೇ’ ಎಂದು ಕಂಡೊಡನೆ ಓದುವವರು ಇನ್ನೊಂದು ಕ್ರಿಯೆಗೆ ಕಾಯುತ್ತಾರೆ: ಶುಲ್ಕ ಕಟ್ಟಿ, ಇಲ್ಲವೇ ಸದಸ್ಯತ್ವ ಬಿಡಿ ಎಂಬಂತೆ. ‘ಪೇ ದ ಫೀ ಐದರ್ ಇನ್ ಮೈಸೂರು ಆರ್ ಇನ್ ಮಂಡ್ಯ’ ಎಂದು ಬರೆಯಿರಿ. ಒಂದೇ ‘ಇನ್’ ಸಾಕೆನಿಸಿದರೆ ‘ಇನ್ ಐದರ್ ಮೈಸೂರು ಆರ್ ಮಂಡ್ಯ’. ಎರಡು ಕಡೆಯೂ ಒಂದೇ ಜಾತಿಯ ಪದ ಬರಬೇಕು.

ಪಶ್ಚಿಮವಾಹಿನಿ: ನಮ್ಮ ಮಕ್ಕಳು ‘ನೈದರ್ ರಾಮ ನಾರ್ ಭೀಮ ಡಿಡ್ ನಾಟ್ ಕಮ್’ ಎಂದು ಬರೆಯುತ್ತಾರೆ. ‘ರಾಮನಾಗಲಿ ಭೀಮನಾಗಲಿ ಬರಲಿಲ್ಲ’ ಎಂಬಲ್ಲಿ ನಿಷೇಧ ಕ್ರಿಯಾಪದದಲ್ಲಿದೆ, ಅದನ್ನೇ ಅಲ್ಲಿಗೂ ಒಯ್ಯುತ್ತಾರೆ. ‘ನೈದರ್’ ಆಗಲೇ ಇಲ್ಲ ಎಂದಾಗಿದೆ. ‘ಕೇಮ್’ ಎಂದರೆ ಮುಗಿಯಿತು.

ಗುತ್ತಲು ರಸ್ತೆ: ತುಂಬಾ ಉಪಕಾರವಾಯಿತು. ಆದರೆ ಈಗ ಮದ್ದೂರನ್ನೂ ಸೇರಿಸಬೇಕಂತೆ. ಮೂರು ಊರಿಗೆ ‘ಐದರ್’ ನಡೆಯುತ್ತದೆಯೇ?

ನಿವೃತ್ತ ಮೇಷ್ಟರು: ಖಂಡಿತ ಇಲ್ಲ. ‘ಐದರ್’ ಎರಡಕ್ಕೆ ಮಾತ್ರ.

ಒಂಟಿಕೊಪ್ಪಲು: ಮೂರಕ್ಕೂ ಬಳಸಿದ ಉದಾಹರಣೆಗಳು ನಿಘಂಟಿನಲ್ಲಿವೆ. ಬೇಕಿದ್ದರೆ ಪರದೆಯ ಚಿತ್ರ ಹಾಕುತ್ತೇನೆ.

ನಿವೃತ್ತ ಮೇಷ್ಟರು: ಹಾಕಿ, ನೋಡೋಣ.

ಕುಕ್ಕರಹಳ್ಳಿ: ಗುತ್ತಲು ರಸ್ತೆಯವರೇ, ಇವರ ವಾದ ಮುಗಿಯುವವರೆಗೆ ಕಾಯಬೇಡಿ. ‘ಐದರ್’ ತೆಗೆದು ‘ಇನ್ ಮೈಸೂರು, ಮಂಡ್ಯ ಆರ್ ಮದ್ದೂರು’ ಎಂದು ಮುದ್ರಣಕ್ಕೆ ಕೊಡಿ.