ಇಗುವಾನಾ ಊಟಕ್ಕೆ ಯಾವ ಕ್ಯಾಲ್ಸಿಯಂ ಪುಡಿ? ಸಹಾಯ ಬೇಕು

ಚಿಕ್ಕಮಗಳೂರಲ್ಲಿದೀನಿ. ಒಂದೂವರೆ ವರ್ಷದ ಹಸಿರು ಇಗುವಾನಾ (ಸೊಪ್ಪು ತಿನ್ನೋ ದೊಡ್ಡ ಹಲ್ಲಿ) ಸಾಕಿದೀನಿ. ತಟ್ಟೆಯ ಮುಕ್ಕಾಲು ಪಾಲು ನುಗ್ಗೆ ಸೊಪ್ಪು, ಹಿಪ್ಪುನೇರಳೆ ಎಲೆ (ಔಷಧಿ ಹೊಡೆಯದ ಗಿಡದ್ದು), ದಾಸವಾಳದ ಎಲೆ-ಹೂವು. ಉಳಿದದ್ದು ತುರಿದ ಸಿಹಿಗುಂಬಳ, ಹುರುಳಿಕಾಯಿ. ಪರಂಗಿ ಹಣ್ಣು ವಾರಕ್ಕೆ ಎರಡು ಸಲ, ಒಂದೊಂದೇ ಚಮಚ; ಜಾಸ್ತಿ ಹಾಕಿದ್ರೆ ಸೊಪ್ಪು ಮೂಸೂ ನೋಡಲ್ಲ. ಮೊಟ್ಟೆ, ಹುಳ ಇಲ್ಲ. ಪಾಲಕ್, ದಂಟು ಬಿಟ್ಟಿದೀನಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಸೇರೋಕೆ ಬಿಡಲ್ಲ. ದಿನಾ ಒಂದು ಚಿಟಿಕೆ ಬರೀ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ, ವಿಟಮಿನ್ ಡಿ3 (ಕ್ಯಾಲ್ಸಿಯಂ ಮೈಗೆ ಸೇರೋಕೆ ಬೇಕಾದ್ದು) ಇಲ್ಲದ್ದು, ಒದ್ದೆ ಸೊಪ್ಪಿನ ಮೇಲೆ ಉದುರಿಸ್ತೀನಿ.

ಈಗ ಮಳೆ, ಬಿಸಿಲೇ ಇಲ್ಲ. ಕಿಟಕಿ ಹತ್ರ ಕೂರಿಸಿದ್ರೂ ಮೈಯಲ್ಲಿ ಡಿ3 ತಯಾರಾಗೋಕೆ ಬೇಕಾದ ಬಿಸಿಲಿನ ಯುವಿಬಿ ಕಿರಣಾನ ಗಾಜು ತಡೆಯುತ್ತೆ. ಯುವಿಬಿ ಟ್ಯೂಬ್ ಕೂರೋ ಕೊಂಬೆಗಿಂತ ಒಂದಡಿ ಮೇಲಿದೆ, ಕೊಂಬೆ ಹತ್ರ 35 ಡಿಗ್ರಿ. 12 ಗಂಟೆ ಉರೀಬೇಕು, ಆದ್ರೆ ಕರೆಂಟ್ ದಿನಕ್ಕೆ ಐದಾರು ಗಂಟೆ ಇರಲ್ಲ. ನಾಲ್ಕು ದಿನದಿಂದ ಹಿಂಗಾಲಿನ ಬೆರಳು ಸಣ್ಣಗೆ ಅದುರ್ತಿವೆ, ಕ್ಯಾಲ್ಸಿಯಂ ಕಮ್ಮಿ ಆಗಿದೆಯೇನೋ ಅಂತ ಅನುಮಾನ. ದವಡೆ ಊದಿಲ್ಲ, ಮೆತ್ತಗೂ ಆಗಿಲ್ಲ. ರಕ್ತದ ಕ್ಯಾಲ್ಸಿಯಂ ಟೆಸ್ಟಿಗೆ ಶನಿವಾರ ಬೆಂಗಳೂರಿಗೆ ಕರ್ಕೊಂಡು ಹೋಗ್ತಿದೀನಿ.

ಡಿ3 ಇರೋ ಪುಡಿ ಅತಿಯಾದ್ರೆ ಒಳ ಅಂಗಾಂಗದಲ್ಲೇ ಕ್ಯಾಲ್ಸಿಯಂ ಕಟ್ಟುತ್ತೆ ಅನ್ನೋ ಭಯ. ಮಲೆನಾಡಲ್ಲಿ ಇಗುವಾನಾ ಸಾಕಿರೋರು ಹೇಳಿ: ಮಳೆಗಾಲದಲ್ಲಿ ಡಿ3 ಪುಡಿ ವಾರಕ್ಕೆ ಎಷ್ಟು ಸಲ ಕೊಡ್ತೀರ? ಆ ದಿನ ಬರೀ ಕ್ಯಾಲ್ಸಿಯಂ ನಿಲ್ಲಿಸ್ತೀರಾ?